ತಕ್ರಾರ್ ಎಂದರೆ ತಕರಾರಲ್ಲ: ಮುಂಬಯಿಯಲ್ಲಿ ಕನ್ನಡದ ತನಿಖಾ ವರದಿ ಬರೆಯುವವರಿಗೆ

ಹಲವು ವರ್ಷಗಳ ಹಿಂದೆ ಮಾಟುಂಗದ ಹಳೆಯ ಕಟ್ಟಡವೊಂದರ ರೀಡೆವಲಪ್‌ಮೆಂಟ್ ಕುರಿತು ನಾನು ಬರೆದ ವರದಿಯಲ್ಲಿ ಒಂದು ಪದ ತಪ್ಪಿತು. ಪಾಲಿಕೆಯ ಕಡತದಲ್ಲಿದ್ದ ಮರಾಠಿ ಟಿಪ್ಪಣಿಯಲ್ಲಿ ನಿವಾಸಿಗಳಿಂದ ‘ತಕ್ರಾರ್’ ಬಂದಿದೆ ಎಂದಿತ್ತು. ಅದನ್ನು ನಮ್ಮ ತಕರಾರೇ ಎಂದು ತಿಳಿದು, ಹೊಸ ಕಟ್ಟಡಕ್ಕೆ ನಿವಾಸಿಗಳು ತಕರಾರು ಎತ್ತಿದ್ದಾರೆ ಎಂದು ಬರೆದೆ. ಮರಾಠಿಯಲ್ಲಿ ತಕ್ರಾರ್ ಎಂದರೆ ದೂರು. ಆಕ್ಷೇಪಣೆಗೆ ಅಲ್ಲಿನ ಕಚೇರಿಗಳು ಬಳಸುವ ಮಾತು ‘ಹರಕತ್’. ನಿವಾಸಿಗಳು ಕೊಟ್ಟದ್ದು ಛಾವಣಿ ಸೋರುತ್ತಿದೆ ಎಂಬ ದೂರನ್ನು. ಮರುದಿನ ಬೆಳಿಗ್ಗೆ ಆ ಕಟ್ಟಡದ ಹಿರಿಯರೊಬ್ಬರು ಫೋನ್ ಮಾಡಿ, “ಬೇಗ ಕಟ್ಟಿಕೊಡಿ ಅಂತ ಕಚೇರಿ ಕಚೇರಿ ಅಲೆಯುವವರು ನಾವು ಮಾರಾಯ್ರೆ, ನಮ್ಮನ್ನೇ ಅಡ್ಡಗಾಲು ಹಾಕುವವರು ಅಂತ ಮಾಡಿಬಿಟ್ರಲ್ಲ” ಎಂದರು.

ನಾಲ್ಕು ಸಾಲಿನ ತಿದ್ದುಪಡಿ ಪ್ರಕಟಿಸಿದೆವು. ವರದಿಯ ಉಳಿದ ಅಂಶಗಳೆಲ್ಲ ಸರಿಯಿದ್ದವು, ಅವಕ್ಕೆ ದಾಖಲೆಗಳೂ ಇದ್ದವು. ಆದರೂ ಆ ಕಟ್ಟಡದವರು ಇಂದಿಗೂ ನೆನಪಿಟ್ಟುಕೊಂಡಿರುವುದು ಆ ಒಂದು ಪದವನ್ನೇ. ಈ ನಗರದಲ್ಲಿ ದಾಖಲೆ ಇರುವುದು ಮರಾಠಿಯಲ್ಲಿ, ಕಾನೂನು ಇಂಗ್ಲಿಷಿನಲ್ಲಿ, ಮಾತನಾಡುವವರು ತುಳುವಿನಲ್ಲೋ ಕೊಂಕಣಿಯಲ್ಲೋ ವಿಜಯಪುರದ ಕನ್ನಡದಲ್ಲೋ ಮಾತನಾಡುತ್ತಾರೆ, ಕೊನೆಗೆ ಅಚ್ಚಾಗುವುದು ಗ್ರಾಂಥಿಕ ಕನ್ನಡದಲ್ಲಿ. ಒಂದು ಸಂಗತಿ ಇಷ್ಟು ಹೊಸ್ತಿಲುಗಳನ್ನು ದಾಟಿ ಬರುವಾಗ ಎಲ್ಲಿ ಎಡವುತ್ತದೆ, ಎಡವದಂತೆ ಅದನ್ನು ಹೇಗೆ ಕೈಹಿಡಿದು ತರಬೇಕು ಎಂಬುದನ್ನು, ದಿನಪತ್ರಿಕೆಯ ವರದಿಗಾರರಿಗೂ ಸಂಘಸಂಸ್ಥೆಗಳ ಮಾಸಪತ್ರಿಕೆ ನಡೆಸುವವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಒಂದು ಕಾಲದಲ್ಲಿ ಕನ್ನಡ ರಾತ್ರಿಶಾಲೆ ನಡೆಸಿದ್ದ ಟ್ರಸ್ಟ್ ಒಂದಿದೆ. ಶಾಲೆ ಮುಚ್ಚಿದೆ, ಕಟ್ಟಡ ಉಳಿದಿದೆ. ಅದನ್ನು ಟ್ರಸ್ಟಿಗಳು ಕಡಿಮೆ ಬೆಲೆಗೆ ಬಿಲ್ಡರ್ ಒಬ್ಬರಿಗೆ ಕೊಟ್ಟಿದ್ದಾರೆ ಎಂಬ ಗುಸುಗುಸು ಹಬ್ಬಿದೆ.

ಅನುಮಾನವನ್ನು ಒಂದು ವಾಕ್ಯಕ್ಕೆ ಇಳಿಸುವುದು

ಮೊದಲ ಕೆಲಸವನ್ನು ಕುರ್ಚಿಯಲ್ಲಿ ಕುಳಿತೇ ಮಾಡಬೇಕು. ನಿಮ್ಮ ಅನುಮಾನವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಮತ್ತು ಆ ವಾಕ್ಯ ಸುಳ್ಳೆಂದು ತೋರಿಸಲು ಸಾಧ್ಯವಾಗುವಂತಿರಲಿ. “ಟ್ರಸ್ಟಿನಲ್ಲಿ ಅವ್ಯವಹಾರ ನಡೆದಿದೆ” ಎಂಬುದನ್ನು ಯಾವ ದಾಖಲೆಯೂ ಅಲ್ಲಗಳೆಯಲಾರದು, ಹಾಗಾಗಿ ಅದು ತನಿಖೆಗೆ ಬಾರದ ವಾಕ್ಯ. “ಚಾರಿಟಿ ಕಮಿಷನರ್ (ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಸರ್ಕಾರಿ ಅಧಿಕಾರಿ) ಅವರ ಪೂರ್ವಾನುಮತಿ ಪಡೆಯದೆ ಟ್ರಸ್ಟಿಗಳು ಕಟ್ಟಡವನ್ನು ಪರಭಾರೆ ಮಾಡಿದ್ದಾರೆ” ಎಂಬ ವಾಕ್ಯವನ್ನು ಒಂದೇ ಒಂದು ಆದೇಶದ ಪ್ರತಿ ಸುಳ್ಳಾಗಿಸಬಲ್ಲದು. ಅಂಥ ವಾಕ್ಯದ ಕೆಳಗೆ, ಟ್ರಸ್ಟಿಗಳು ಪ್ರಾಮಾಣಿಕರೇ ಆಗಿದ್ದರೆ ಇದೇ ಸಂಗತಿಗಳಿಗೆ ಏನು ವಿವರಣೆ ಇರಬಹುದು ಎಂಬುದನ್ನೂ ಬರೆದಿಡಿ. ಕಟ್ಟಡ ಶಿಥಿಲವಾಗಿ ಪಾಲಿಕೆ ನೋಟಿಸ್ ಕೊಟ್ಟಿರಬಹುದು. ರಿಪೇರಿಗೆ ಹಣವಿಲ್ಲದೆ ಬೇರೆ ದಾರಿ ಕಾಣದಿರಬಹುದು. ಮುಂದಿನ ವಾರಗಳಲ್ಲಿ ಈ ಎರಡನೆಯ ವಿವರಣೆಗೆ ಬೇಕಾದ ದಾಖಲೆಗಳನ್ನೂ ಮೊದಲನೆಯದರಷ್ಟೇ ಶ್ರದ್ಧೆಯಿಂದ ಹುಡುಕಬೇಕು. ಇದನ್ನು ಮಾಡದೆ ಹೊರಟವರು ಹುಡುಕುವುದು ಸಾಕ್ಷ್ಯವನ್ನಲ್ಲ, ತಮಗೆ ಬೇಕಾದ ಸಮ್ಮತಿಯನ್ನು.

ಅದೇ ಹಾಳೆಯಲ್ಲಿ ನಿಮ್ಮ ಬಗ್ಗೆಯೂ ಬರೆದುಕೊಳ್ಳಬೇಕು. ಮುಂಬಯಿಯ ಕನ್ನಡ ಲೋಕ ದೊಡ್ಡದಾಗಿ ಕಂಡರೂ ಒಳಗಿನಿಂದ ನೋಡಿದರೆ ಒಂದು ಕೇರಿ. ಟ್ರಸ್ಟಿನ ಅಧ್ಯಕ್ಷರು ಕಳೆದ ವರ್ಷ ನಿಮಗೆ ಶಾಲು ಹೊದಿಸಿ ಸನ್ಮಾನಿಸಿರಬಹುದು. ಖಜಾಂಚಿಯ ಹೋಟೆಲಿನ ಜಾಹೀರಾತು ನಿಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿರಬಹುದು. ದೂರು ಹೇಳಿದವರು ನಿಮ್ಮ ಹೆಂಡತಿಯ ಊರಿನವರಿರಬಹುದು. ಇವೆಲ್ಲವನ್ನೂ ಸಂಪಾದಕರಿಗೆ ಮೊದಲೇ, ಬರಹದಲ್ಲಿ ತಿಳಿಸಿ. ಸಂಬಂಧ ಹತ್ತಿರದ್ದಾದರೆ ವರದಿಯನ್ನು ಬೇರೆಯವರಿಗೆ ಬಿಟ್ಟುಕೊಡಿ. ದೂರದ್ದಾದರೆ ಓದುಗರಿಗೆ ಒಂದು ಸಾಲಿನಲ್ಲಿ ತಿಳಿಸಿ ಮುಂದುವರಿಯಿರಿ. ಸಂಬಂಧವೇ ಇಲ್ಲದ ವರದಿಗಾರರನ್ನು ಹುಡುಕುತ್ತ ಕುಳಿತರೆ ಈ ಊರಿನಲ್ಲಿ ಕನ್ನಡದ ಯಾವ ತನಿಖಾ ವರದಿಯೂ ಹೊರಬರುವುದಿಲ್ಲ.

ಕಾಗದಗಳ ದಾರಿ

ಮನುಷ್ಯರನ್ನು ಕೇಳುವ ಮೊದಲು ಕಾಗದಗಳನ್ನು ಕೇಳುವುದು ಒಳ್ಳೆಯದು, ಏಕೆಂದರೆ ಕಾಗದವನ್ನು ಕೇಳಿದ ಸುದ್ದಿ ಊರಿಗೆಲ್ಲ ಹಬ್ಬುವುದಿಲ್ಲ. 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಅಡಿಯಲ್ಲಿ ನೋಂದಣಿಯಾದ ಪ್ರತಿಯೊಂದು ಟ್ರಸ್ಟಿನ ಆಸ್ತಿ ಮತ್ತು ಟ್ರಸ್ಟಿಗಳ ವಿವರ ಚಾರಿಟಿ ಕಮಿಷನರ್ ಕಚೇರಿಯ ರಿಜಿಸ್ಟರಿನಲ್ಲಿ ಇರುತ್ತದೆ. ಟ್ರಸ್ಟಿಗಳು ಬದಲಾದಾಗ 22ನೇ ಕಲಮಿನ ಅಡಿಯಲ್ಲಿ ‘ಚೇಂಜ್ ರಿಪೋರ್ಟ್’ ಸಲ್ಲಿಸಬೇಕು. ಸ್ಥಿರಾಸ್ತಿಯನ್ನು ಮಾರುವುದಕ್ಕೆ, ದಾನ ಕೊಡುವುದಕ್ಕೆ, ವಿನಿಮಯಕ್ಕೆ, ಅಥವಾ ಕಟ್ಟಡವನ್ನು 3 ವರ್ಷಕ್ಕೂ ಹೆಚ್ಚು ಕಾಲ ಗುತ್ತಿಗೆಗೆ ಕೊಡುವುದಕ್ಕೆ 36ನೇ ಕಲಮಿನ ಪೂರ್ವಾನುಮತಿ ಬೇಕು. ನಮ್ಮ ಉದಾಹರಣೆಯ ವಾಕ್ಯ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಚೇಂಜ್ ರಿಪೋರ್ಟುಗಳನ್ನು ವಿಶೇಷವಾಗಿ ನೋಡಿ: ಪರಭಾರೆಗೆ ಸ್ವಲ್ಪ ಮೊದಲು ಯಾರು ಹೊರಹೋದರು, ಯಾರು ಒಳಬಂದರು ಎಂಬುದು ಅಲ್ಲಿ ತಾರೀಖಿನ ಸಮೇತ ಸಿಗುತ್ತದೆ.

ಜಾಗದ ಮಾಲೀಕತ್ವಕ್ಕೆ ಹಳ್ಳಿಗಳಲ್ಲಿ ಸಾತ್-ಬಾರಾ, ಅಂದರೆ ನಮ್ಮ ಪಹಣಿಯಂಥ ಜಮೀನಿನ ದಾಖಲೆ, ನೋಡಿದಂತೆ ನಗರದಲ್ಲಿ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡ್ ನೋಡಬೇಕು. ವ್ಯವಹಾರ ನೋಂದಣಿಯಾಗಿದ್ದರೆ ನೋಂದಣಿ ಇಲಾಖೆಯ ಜಾಲತಾಣದಲ್ಲಿ ‘ಇಂಡೆಕ್ಸ್-2’ ಸಿಗುತ್ತದೆ. ಅದರಲ್ಲಿ ‘ಮೊಬದಲಾ’ ಎಂಬ ಸಾಲಿನಲ್ಲಿ ಕೈಬದಲಾದ ಪ್ರತಿಫಲ, ‘ಬಾಜಾರಭಾವ’ ಎಂಬ ಸಾಲಿನಲ್ಲಿ ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಹಿಡಿದ ಮೌಲ್ಯ ಇರುತ್ತವೆ. ಮೊದಲನೆಯದು ಎರಡನೆಯದಕ್ಕಿಂತ ಬಹಳ ಕಡಿಮೆ ಇದ್ದುದನ್ನು ಕಂಡ ಕೂಡಲೇ ಶೀರ್ಷಿಕೆ ಹೊಳೆಯುತ್ತದೆ, ಅಲ್ಲೇ ತಾಳ್ಮೆ ಬೇಕು. ಡೆವಲಪ್‌ಮೆಂಟ್ ಒಪ್ಪಂದಗಳಲ್ಲಿ ಬಿಲ್ಡರ್ ಬಹುಪಾಲು ಹಣದ ಬದಲಿಗೆ ಕಟ್ಟಿದ ಜಾಗವನ್ನು ಕೊಡುತ್ತಾರೆ. ಟ್ರಸ್ಟಿಗೆ ಹೊಸ ಕಟ್ಟಡದಲ್ಲಿ ಎರಡು ಮಹಡಿ ಬರುವುದಿದ್ದರೆ ಮೊಬದಲಾದ ಸಾಲಿನಲ್ಲಿ ಕಾಣುವ ಚಿಕ್ಕ ಮೊತ್ತವೇ ಇಡೀ ಬೆಲೆಯಲ್ಲ. ಇಂಡೆಕ್ಸ್-2 ಒಂದು ಸೂಚಿ ಮಾತ್ರ. ಪೂರ್ಣ ದಸ್ತಾವೇಜಿನ ಪ್ರತಿ ತೆಗೆಸಿ, ಷರತ್ತುಗಳನ್ನು ಓದಿ, ಆಮೇಲೆ ಬರೆಯಬೇಕು.

ಪಾಲಿಕೆಯ ಕಡತಗಳಲ್ಲಿಯೂ ಇಂಥ ಕಚೇರಿ ಭಾಷೆಯ ಹೊಂಡಗಳಿವೆ. ಮುಂಬಯಿಯಲ್ಲಿ ಕಟ್ಟಡಕ್ಕೆ ದೊರೆಯುವ ಷರತ್ತುಬದ್ಧ ಅನುಮತಿಗೆ ಬಹುಕಾಲದಿಂದ ಇರುವ ಹೆಸರು ‘ಇಂಟಿಮೇಷನ್ ಆಫ್ ಡಿಸ್‌ಅಪ್ರೂವಲ್’, ಎಲ್ಲರ ಬಾಯಲ್ಲಿ ಐಓಡಿ. ಹೆಸರನ್ನು ನಂಬಿ “ಪಾಲಿಕೆ ಅನುಮತಿ ನಿರಾಕರಿಸಿತು” ಎಂದು ಬರೆದರೆ ಕಥೆಯೇ ತಲೆಕೆಳಗಾಗುತ್ತದೆ. ಪಟ್ಟಿ ಮಾಡಿದ ಷರತ್ತುಗಳನ್ನು ಪೂರೈಸುವವರೆಗೆ ಒಪ್ಪಿಗೆ ಇಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಐಓಡಿಯ ನಂತರ ಕೆಲಸ ಆರಂಭಿಸಲು ಸಿಸಿ (ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್), ಮುಗಿದ ಮೇಲೆ ವಾಸಕ್ಕೆ ಓಸಿ (ಆಕ್ಯುಪೇಷನ್ ಸರ್ಟಿಫಿಕೇಟ್). ಮಾಟುಂಗವು ಎಫ್-ನಾರ್ತ್ ವಾರ್ಡಿಗೆ ಸೇರಿದರೂ ಈ ಅನುಮತಿಗಳ ಕಡತ ವಾರ್ಡ್ ಕಚೇರಿಯಲ್ಲಿ ಇರುವುದಿಲ್ಲ, ಬಿಲ್ಡಿಂಗ್ ಪ್ರಪೋಸಲ್ ವಿಭಾಗದಲ್ಲಿರುತ್ತದೆ. ವಾರ್ಡಿನಲ್ಲಿ ಸಿಗುವುದು ದೂರುಗಳು ಮತ್ತು ನೋಟಿಸುಗಳು. ಎಷ್ಟೋ ಮಾಹಿತಿ ಹಕ್ಕು ಅರ್ಜಿಗಳು ತಪ್ಪು ಬಾಗಿಲಿಗೆ ಹೋಗಿಯೇ ತಿಂಗಳು ಕಳೆಯುತ್ತವೆ. ಅರ್ಜಿ ‘ವರ್ಗ’ ಮಾಡಲಾಗಿದೆ ಎಂದು ಉತ್ತರ ಬಂದರೆ ಗಾಬರಿ ಬೇಡ, ಇನ್ನೊಂದು ಕಚೇರಿಗೆ ವರ್ಗಾಯಿಸಿದ್ದಾರೆ ಎಂದರ್ಥ.

ಅರ್ಜಿ ಬರೆಯುವ ಬಗೆ

2005ರ ಮಾಹಿತಿ ಹಕ್ಕು ಕಾಯ್ದೆ ದೇಶಕ್ಕೆಲ್ಲ ಒಂದೇ ಆದರೂ ನಿಯಮಗಳು ರಾಜ್ಯಕ್ಕೊಂದು ಬಗೆ. ಮಹಾರಾಷ್ಟ್ರದಲ್ಲಿ ‘ಜೋಡಪತ್ರ ಅ’ ನಮೂನೆಯಲ್ಲಿ, 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಅರ್ಜಿ ಕೊಡಬೇಕು. 2012ರ ತಿದ್ದುಪಡಿಯ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಹಲವರು ಈ ಮಿತಿಯನ್ನು ಬೈಯುತ್ತಾರೆ; ನನಗೆ ಅದರಿಂದ ಉಪಕಾರವೇ ಆಗಿದೆ, ಏಕೆಂದರೆ 150 ಪದಗಳಲ್ಲಿ ಭಾಷಣ ಮಾಡಲು ಜಾಗವಿರುವುದಿಲ್ಲ.

ಅರ್ಜಿಯಲ್ಲಿ ‘ಏಕೆ’ ಎಂದು ಕೇಳಬಾರದು. “ಅನುಮತಿ ಏಕೆ ಕೊಟ್ಟಿರಿ?” ಎಂಬುದು ವಿವರಣೆಯ ಬೇಡಿಕೆ, ಅದನ್ನು ಸುಲಭವಾಗಿ ತಿರಸ್ಕರಿಸಬಹುದು. ಬದಲಿಗೆ ಹೀಗೆ ಬರೆಯಿರಿ: “ಇಂಥ ನೋಂದಣಿ ಸಂಖ್ಯೆಯ ಟ್ರಸ್ಟ್ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ 36ನೇ ಕಲಮಿನ ಅಡಿಯಲ್ಲಿ ಸಲ್ಲಿಸಿದ ಅರ್ಜಿ, ಅದರ ಮೇಲಿನ ಎಲ್ಲ ಟಿಪ್ಪಣಿ ಹಾಳೆಗಳು, ಹೊರಡಿಸಿದ ಆದೇಶ, ಇವುಗಳ ದೃಢೀಕೃತ ಪ್ರತಿ, ಮತ್ತು ಸದರಿ ಅವಧಿಯ ಆವಕ-ಜಾವಕ ರಿಜಿಸ್ಟರಿನಲ್ಲಿ ಸದರಿ ಟ್ರಸ್ಟಿಗೆ ಸಂಬಂಧಿಸಿದ ನಮೂದುಗಳ ಪ್ರತಿ.” ಇದನ್ನು ಮರಾಠಿಯಲ್ಲಿಯೇ ಬರೆದು, ಮರಾಠಿ ಮನೆಮಾತಿನವರೊಬ್ಬರಿಗೆ ತೋರಿಸಿ. ಆವಕ-ಜಾವಕ ರಿಜಿಸ್ಟರ್ ಎಂದರೆ ಬಂದ-ಹೋದ ಪತ್ರಗಳ ದಾಖಲೆ. ಕಡತದಿಂದ ಒಂದು ಪತ್ರ ಕಾಣೆಯಾದರೂ ಅದು ಬಂದಿತ್ತೆಂಬ ಗುರುತು ಆ ರಿಜಿಸ್ಟರಿನಲ್ಲಿ ಉಳಿದಿರುತ್ತದೆ. ವೈಯಕ್ತಿಕ ಮಾಹಿತಿಯ ಹೆಸರಿನಲ್ಲಿ ನಿರಾಕರಿಸುವುದಕ್ಕೆ ಆಧಾರವಾಗುವ 8(1)(ಜೆ) ಉಪವಿಧಿಯನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಬಿಗಿಗೊಳಿಸಲಾಗಿದೆ. ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದೆನ್ನುವ 8(2) ಮಾತ್ರ ಹಾಗೆಯೇ ಇದೆ, ಆದ್ದರಿಂದ ಅರ್ಜಿಯ ಕೊನೆಯಲ್ಲಿ ಅದನ್ನು ಉಲ್ಲೇಖಿಸುವುದು ಜಾಣತನ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ವರ್ಷಗಟ್ಟಲೆ ಕಾಯಬೇಕಾಗಬಹುದು, ಹಾಗಾಗಿ ಅದರ ಮೇಲೆಯೇ ಕಥೆಯನ್ನು ತೂಗುಹಾಕಬೇಡಿ.

ಪ್ರತಿಗಿಂತ ಕಡತದ ಪರಿಶೀಲನೆಯನ್ನು ಕೇಳುವುದು ನನ್ನ ರೂಢಿ. ಕಡತ ಕೈಗೆ ಬಂದಾಗ ಮೊದಲು ವಿಷಯ ಓದದೆ ಪುಟಸಂಖ್ಯೆಗಳನ್ನು ನೋಡುತ್ತ ಹೋಗಿ. 41ನೇ ಪುಟದ ಬಳಿಕ 44 ಬಂದರೆ ಅದನ್ನು ಅಲ್ಲಿಯೇ ಬರೆದುಕೊಂಡು, ಮುಂದಿನ ಅರ್ಜಿಯಲ್ಲಿ 42 ಮತ್ತು 43ನ್ನು ಮಾತ್ರ ಕೇಳಿ. ಟಿಪ್ಪಣಿ ಹಾಳೆಯಲ್ಲಿ ಕೆಳಗಿನ ಅಧಿಕಾರಿ ಬರೆದದ್ದೇನು, ಮೇಲಿನವರು ಅದನ್ನು ಎಲ್ಲಿ ದಾಟಿ ನಿರ್ಧಾರ ಮಾಡಿದರು ಎಂಬುದು ಸಿಗುತ್ತದೆ. ಅಂತಿಮ ಆದೇಶದಲ್ಲಿ ಇರದ ಜಗಳ ಅಲ್ಲಿರುತ್ತದೆ.

ಇನ್ನೊಂದು ಪದದ ಮೇಲೆ ಕಣ್ಣಿಡಬೇಕು. ಉತ್ತರದಲ್ಲಿ ‘ನಿರಂಕ್’ ಎಂದಿದ್ದರೆ ಸೊನ್ನೆ, ಅಂದರೆ ಅಂಥದ್ದು ಇಲ್ಲ ಎಂದರ್ಥ. ‘ಉಪಲಬ್ಧ ನಾಹೀ’ ಎಂದಿದ್ದರೆ ಸದ್ಯ ಆ ಕಚೇರಿಯಲ್ಲಿ ಲಭ್ಯವಿಲ್ಲ ಎಂದು. ಇದ್ದು ಕಳೆದಿರಬಹುದು, ಬೇರೆಡೆ ಇರಬಹುದು, ಹುಡುಕದೆಯೂ ಇರಬಹುದು. ಪೂರ್ವಾನುಮತಿಯ ಬಗ್ಗೆ ನಿರಂಕ್ ಎಂಬ ಉತ್ತರ ಬಂದರೆ ಅದು ಒಂದು ಸುದ್ದಿ. ಉಪಲಬ್ಧ ನಾಹೀ ಎಂಬ ಉತ್ತರ ಬಂದರೆ ಅದು ಇನ್ನೊಂದು ಅರ್ಜಿಗೆ ಕಾರಣ ಮಾತ್ರ. ಎರಡನ್ನೂ “ಅನುಮತಿಯೇ ಇರಲಿಲ್ಲ” ಎಂದು ಅನುವಾದಿಸಿದ ಕನ್ನಡ ವರದಿಗಳನ್ನು ನಾನು ಓದಿದ್ದೇನೆ.

ಈ ನಗರದ ದೊಡ್ಡ ವರದಿಗಳಲ್ಲೆಲ್ಲ ಇದೇ ಮಂದಗತಿಯ ಕೆಲಸದ ಗುರುತುಗಳಿವೆ. 1981ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಅರುಣ್ ಶೌರಿ ಅವರ ವರದಿಯಿಂದ ಹೊರಬಿದ್ದು, ಬಾಂಬೆ ಹೈಕೋರ್ಟಿನ ತೀರ್ಪಿನ ಬೆನ್ನಲ್ಲೇ 1982ರ ಜನವರಿಯಲ್ಲಿ ಮುಖ್ಯಮಂತ್ರಿ ಎ. ಆರ್. ಅಂತುಲೆ ರಾಜೀನಾಮೆ ಕೊಟ್ಟ ಪ್ರಕರಣದ ತಿರುಳು ಎರಡು ಪಟ್ಟಿಗಳ ಹೋಲಿಕೆ: ನಿಯಂತ್ರಣದಲ್ಲಿದ್ದ ಸಿಮೆಂಟ್ ಯಾರಿಗೆ ಹಂಚಿಕೆಯಾಯಿತು, ಅಂತುಲೆ ಅವರ ಟ್ರಸ್ಟುಗಳಿಗೆ ದೇಣಿಗೆ ಯಾರಿಂದ ಬಂತು. 1992ರ ಏಪ್ರಿಲ್ 23ರಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಸುಚೇತಾ ದಲಾಲ್ ಬರೆದ ವರದಿ ಷೇರುಪೇಟೆಯ ಇಡೀ ಹಗರಣವನ್ನು ಹೇಳಹೊರಡಲಿಲ್ಲ. ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಹೊಂದದ 500 ಕೋಟಿ ರೂಪಾಯಿಯ ಒಂದು ಮೊತ್ತವನ್ನು ಹಿಡಿದು ನಿಂತಿತು. ಉಳಿದದ್ದು ಅದರ ಹಿಂದೆ ಬಂತು. ಕೊಲಾಬಾದ ಆದರ್ಶ್ ಗೃಹನಿರ್ಮಾಣ ಸೊಸೈಟಿಯ 31 ಅಂತಸ್ತಿನ ಕಟ್ಟಡದ ಪ್ರಕರಣದಿಂದ ಕಲಿಯಬೇಕಾದದ್ದು ಬೇರೆ. 2010ರ ನವೆಂಬರಿನಲ್ಲಿ ಮುಖ್ಯಮಂತ್ರಿ ಅಶೋಕ್ ಚವಾಣ್ ಹುದ್ದೆ ಬಿಟ್ಟ ಆ ಪ್ರಕರಣದಲ್ಲಿ ಎಲ್ಲರ ಬಾಯಲ್ಲಿದ್ದ ಸಾಲು, ಅದು ಕಾರ್ಗಿಲ್ ಹುತಾತ್ಮರ ಪತ್ನಿಯರಿಗೆ ಮೀಸಲಾಗಿದ್ದ ಜಾಗ ಎಂಬುದು. 2012ರಲ್ಲಿ ನ್ಯಾಯಾಂಗ ಆಯೋಗವು ಜಾಗ ರಾಜ್ಯ ಸರ್ಕಾರದ್ದು, ಅಂಥ ಮೀಸಲು ಇರಲಿಲ್ಲ ಎಂದಿತು. ಅನರ್ಹ ಸದಸ್ಯರ ವಿಷಯ ಮಾತ್ರ ಗಟ್ಟಿಯಾಗಿ ಉಳಿಯಿತು. ವರದಿಯಲ್ಲಿ ಕಣ್ಣೀರು ತರಿಸುವ ಸಾಲು ಇದ್ದರೆ ಅದನ್ನೇ ಎಲ್ಲಕ್ಕಿಂತ ಹೆಚ್ಚು ಸಲ ಪರೀಕ್ಷಿಸಬೇಕು.

ಮಾತು ಕೊಡುವವರು

ಕಾಗದಗಳು ಒಂದು ಹದಕ್ಕೆ ಬಂದ ಮೇಲೆ ಮನುಷ್ಯರ ಬಳಿಗೆ ಹೋಗಬೇಕು. ಕಡತ ತಂದುಕೊಡುವವರು ಬಹಳ ಸಲ ಸಿಟ್ಟಿನಲ್ಲಿರುವವರು: ತೆಗೆದುಹಾಕಲಾದ ಟ್ರಸ್ಟಿ, ಗುತ್ತಿಗೆ ಸಿಗದ ಇನ್ನೊಬ್ಬ ಬಿಲ್ಡರ್, ಬಾಡಿಗೆದಾರ. ಸಿಟ್ಟು ಇದೆಯೆಂದು ಅವರ ಕಾಗದ ಸುಳ್ಳಾಗುವುದಿಲ್ಲ. ಆದರೆ ಅವರು ತಂದ ಪುಟಗಳಿಗಿಂತ ತಾರದ ಪುಟಗಳ ಬಗ್ಗೆ ಯೋಚಿಸುವುದು ಹೆಚ್ಚು ಉಪಯುಕ್ತ, ಮತ್ತು ಅವರ ಹಿತಾಸಕ್ತಿ ಏನೆಂಬುದು, ಅವರ ಗುರುತು ಬಯಲಾಗದಷ್ಟರ ಮಟ್ಟಿಗೆ, ಓದುಗರಿಗೂ ತಿಳಿಯಬೇಕು.

ಗುರುತು ಮುಚ್ಚಿಡುವ ಭರವಸೆಯನ್ನು ಮಾತುಕತೆಯ ಮೊದಲೇ, ಸ್ಪಷ್ಟ ಶಬ್ದಗಳಲ್ಲಿ ಇತ್ಯರ್ಥ ಮಾಡಿಕೊಳ್ಳಿ. ‘ಆಫ್ ದಿ ರೆಕಾರ್ಡ್’ ಎಂಬ ಮಾತಿಗೆ ಹತ್ತು ಜನ ಹತ್ತು ಅರ್ಥ ಹೇಳುತ್ತಾರೆ, ಆದ್ದರಿಂದ “ನಿಮ್ಮ ಮಾತನ್ನು ಹೆಸರಿಲ್ಲದೆ ಬಳಸಬಹುದೇ, ಅಥವಾ ಬಳಸಲೇಬಾರದೇ, ಇದನ್ನಿಟ್ಟುಕೊಂಡು ಬೇರೆಡೆ ವಿಚಾರಿಸಬಹುದೇ?” ಎಂದು ಬಿಡಿಸಿ ಕೇಳಬೇಕು. ಎಲ್ಲ ಹೇಳಿ ಮುಗಿಸಿದ ಮೇಲೆ “ಇದೆಲ್ಲ ಹಾಕಬೇಡಿ ಸರ್” ಎನ್ನುವ ಸಚಿವರ ಆಪ್ತರಿಗೆ ಆ ಸೌಲಭ್ಯ ಇರಬೇಕಿಲ್ಲ; ಪತ್ರಕರ್ತರೊಡನೆ ಮಾತನಾಡಿ ರೂಢಿಯಿಲ್ಲದ ಹೋಟೆಲ್ ಕಾರ್ಮಿಕನಿಗೆ ಇರಬೇಕು. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2)ರ ಪ್ರಕಾರ ಕೌನ್ಸಿಲ್ ಮೂಲವನ್ನು ಹೇಳುವಂತೆ ಪತ್ರಕರ್ತರನ್ನು ಒತ್ತಾಯಿಸುವಂತಿಲ್ಲ. ಆದರೆ ಆ ರಕ್ಷಣೆ ನ್ಯಾಯಾಲಯಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ “ಏನೇ ಆದರೂ ಹೇಳುವುದಿಲ್ಲ” ಎಂದು ಮಾತು ಕೊಡುವ ಮುನ್ನ ಅದಕ್ಕಾಗಿ ಎಷ್ಟು ದೂರ ಹೋಗಲು ಸಿದ್ಧರಿದ್ದೀರಿ ಎಂಬುದನ್ನು ಸಂಪಾದಕರೊಡನೆ ಸೇರಿ ನಿರ್ಧರಿಸಿ.

ಭೇಟಿಯ ಸ್ಥಳವೂ ಮುಖ್ಯ. ಕಿಂಗ್ಸ್ ಸರ್ಕಲ್ಲಿನ ಉಡುಪಿ ಹೋಟೆಲಿನಲ್ಲಿ ಗುಟ್ಟಾಗಿ ಭೇಟಿಯಾಗುವುದೆಂದರೆ ಸಂಘದ ಮಹಾಸಭೆಯ ವೇದಿಕೆಯ ಮೇಲೆ ಭೇಟಿಯಾದಂತೆಯೇ. ಗಲ್ಲಾಪೆಟ್ಟಿಗೆಯ ಬಳಿ ಕುಳಿತವರಿಗೆ ನಿಮ್ಮಿಬ್ಬರ ಪರಿಚಯವೂ ಇರುತ್ತದೆ. ಸಿಕ್ಕ ದಾಖಲೆಯ ಫೋಟೋವನ್ನು ಹಾಗೆಯೇ ಪ್ರಕಟಿಸಬೇಡಿ: ಮೂಲೆಯ ಪೆನ್ ಗುರುತು, ಜೆರಾಕ್ಸಿನ ಕಲೆ, ಫೋಟೋದೊಳಗೆ ಅಡಗಿರುವ ಸ್ಥಳ-ಸಮಯದ ಮಾಹಿತಿ, ಇವುಗಳಲ್ಲಿ ಯಾವುದೇ ಒಂದು ಆ ಪ್ರತಿ ಯಾರ ಮೇಜಿನದೆಂದು ಹೇಳಿಬಿಡಬಹುದು. ಬೇಕಾದ ಸಾಲುಗಳನ್ನು ಮರುಟೈಪ್ ಮಾಡಿ. ಹಣ ಕೊಡಬೇಡಿ, ಪಡೆಯಬೇಡಿ. ಕಾಫಿಯ ಬಿಲ್ ನೀವೇ ಕೊಡಿ.

ವೇಷ ಮರೆಸುವುದು, ಗುಪ್ತ ಕ್ಯಾಮೆರಾ ಇವುಗಳ ಬಗ್ಗೆ ನನ್ನ ನಿಲುವು ಹಳೆಯ ಕಾಲದ್ದು: ಬೇರೆಲ್ಲ ದಾರಿ ಮುಚ್ಚಿದ ಮೇಲೆ, ವಿಷಯ ಸಾರ್ವಜನಿಕರ ಪ್ರಾಣ ಅಥವಾ ಹಣಕ್ಕೆ ಸಂಬಂಧಿಸಿದ್ದಾದರೆ, ಸಂಪಾದಕರ ಲಿಖಿತ ಒಪ್ಪಿಗೆಯೊಂದಿಗೆ ಮಾತ್ರ. 2007ರಲ್ಲಿ ದೆಹಲಿಯ ಶಿಕ್ಷಕಿಯೊಬ್ಬರ ವಿರುದ್ಧ ವಾಹಿನಿಯೊಂದು ಪ್ರಸಾರ ಮಾಡಿದ ಗುಪ್ತ ಚಿತ್ರೀಕರಣ ಕಟ್ಟುಕಥೆಯೆಂದು ತಿಳಿಯುವ ಹೊತ್ತಿಗೆ ಗುಂಪು ಆಕೆಯ ಮೇಲೆ ಕೈಮಾಡಿಯಾಗಿತ್ತು. ವಾಹಿನಿಗೆ ಆದದ್ದು ಒಂದು ತಿಂಗಳ ಪ್ರಸಾರ ನಿಷೇಧ. ಆಮಿಷ ಒಡ್ಡಿ ತಪ್ಪು ಮಾಡಿಸುವುದು ತನಿಖೆಯಲ್ಲ.

ಹೆಸರು ಹೇಳದೆಯೂ ಹೇಳಿಬಿಡುವುದು

ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಅಡಿಯಲ್ಲಿ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯ 23ನೇ ಕಲಂ ಇನ್ನೂ ಕಟ್ಟುನಿಟ್ಟು. ಹೆಸರು ಹಾಕಬಾರದೆಂಬುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ತಪ್ಪುವುದು ಬೇರೆ ಬಗೆಯಲ್ಲಿ. “ಕಾರ್ಕಳ ಮೂಲದ, ಘಾಟ್ಕೋಪರಿನಲ್ಲಿ ಕ್ಯಾಂಟೀನ್ ನಡೆಸುವ ದಂಪತಿಯ ಹಿರಿಯ ಮಗಳು” ಎಂದು ಬರೆದರೆ ಇಂಗ್ಲಿಷ್ ಓದುಗರಿಗೆ ಅದು ಯಾರೋ ಒಬ್ಬರು. ಕನ್ನಡ ಓದುಗರಿಗೆ ಅದು ವಿಳಾಸ. ಮೂಲ ಊರು, ಸಮುದಾಯ, ಮುಂಬಯಿಯ ಪ್ರದೇಶ, ವೃತ್ತಿ, ಈ ನಾಲ್ಕರಲ್ಲಿ ಎರಡು ಸೇರಿದರೂ ಸಾಕು, ಸಂಜೆಯೊಳಗೆ ಊರಿಗೆ ಫೋನ್ ಹೋಗಿರುತ್ತದೆ. ಊರಿನ ಹೆಸರಿಲ್ಲದ ಸುದ್ದಿ ನಮ್ಮ ಓದುಗರಿಗೆ ಸಪ್ಪೆಯೆನಿಸುತ್ತದೆ ಎಂಬುದು ನಿಜ. ಇಂಥ ವರದಿಗಳಲ್ಲಿ ಸಪ್ಪೆಯಾಗಿಯೇ ಇರಬೇಕು.

ಆರೋಪಿಗಳ ವಿಷಯದಲ್ಲಿ ಪೊಲೀಸರ ಮರಾಠಿ ಪ್ರಕಟಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಓದಬೇಕು. ‘ತಾಬ್ಯಾತ್ ಘೇತಲೆ’ ಎಂದರೆ ವಶಕ್ಕೆ ಪಡೆದರು, ‘ಅಟಕ್’ ಎಂದರೆ ಬಂಧನ, ‘ಗುನ್ಹಾ ದಾಖಲ್’ ಎಂದರೆ ಎಫ್‌ಐಆರ್ ಮಾತ್ರ, ‘ದೋಷಾರೋಪಪತ್ರ’ ಎಂದರೆ ಚಾರ್ಜ್‌ಶೀಟ್. ಇವುಗಳಲ್ಲಿ ಯಾವುದೂ ಅಪರಾಧ ಸಾಬೀತಾದದ್ದನ್ನು ಹೇಳುವುದಿಲ್ಲ. 2011ರ ಜೂನ್ 11ರಂದು ಪೊವಾಯಿಯಲ್ಲಿ ಹಿರಿಯ ಅಪರಾಧ ವರದಿಗಾರ ಜ್ಯೋತಿರ್ಮೊಯ್ ಡೇ ಅವರ ಹತ್ಯೆಯಾದ ಪ್ರಕರಣದಲ್ಲಿ ಬಂಧಿತರಾದ ಪತ್ರಕರ್ತೆಯೊಬ್ಬರ ಬಗ್ಗೆ ಸಹವೃತ್ತಿಯವರೇ ಬರೆದದ್ದನ್ನು ಇಂದು ತೆಗೆದು ಓದಬೇಕು. 2018ರಲ್ಲಿ ವಿಶೇಷ ನ್ಯಾಯಾಲಯ ಭೂಗತ ದೊರೆ ಛೋಟಾ ರಾಜನ್ ಮತ್ತಿತರರಿಗೆ ಜೀವಾವಧಿ ಶಿಕ್ಷೆ ವಿಧಿಸಿ ಆಕೆಯನ್ನು ದೋಷಮುಕ್ತಗೊಳಿಸಿತು, ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಉತ್ತರ ಕೇಳುವುದು

ವರದಿ ಸಿದ್ಧವಾದ ಮೇಲೆ, ಪ್ರಕಟಣೆಗೆ ಮೊದಲು, ಅದರಲ್ಲಿ ಹೆಸರು ಬರುವ ಪ್ರತಿಯೊಬ್ಬರಿಗೂ ಪ್ರಶ್ನೆಗಳನ್ನು ಬರಹದಲ್ಲಿ ಕಳುಹಿಸಬೇಕು. ಬಹಳ ಮಂದಿ ಇದನ್ನು ಹಿಂದಿನ ರಾತ್ರಿ ಒಂದು ಫೋನ್ ಕರೆಯಲ್ಲಿ ಮುಗಿಸುತ್ತಾರೆ. ಐದಾರು ದಿನಗಳಾದರೂ ಕೊಡಿ, ಏಕೆಂದರೆ ಟ್ರಸ್ಟಿಗಳೂ ಹಳೆಯ ಕಡತ ಹುಡುಕಬೇಕು. “ನಿಮ್ಮ ಮೇಲಿನ ಆರೋಪಗಳಿಗೆ ಏನನ್ನುತ್ತೀರಿ?” ಎಂದು ಕೇಳಿದರೆ “ಎಲ್ಲ ನಿರಾಧಾರ” ಎಂಬ ಉತ್ತರವೇ ಬರುತ್ತದೆ. “ಇಂಥ ತಾರೀಖಿನ ಒಪ್ಪಂದದ 7ನೇ ಷರತ್ತಿನಂತೆ ಟ್ರಸ್ಟಿಗೆ ಇಷ್ಟು ಚದರಡಿ ಬರಬೇಕು. ಇದಕ್ಕೆ 36ನೇ ಕಲಮಿನ ಅನುಮತಿ ಪಡೆಯಲಾಗಿದೆಯೇ? ಪಡೆದಿದ್ದರೆ ಆದೇಶದ ಸಂಖ್ಯೆ ಮತ್ತು ತಾರೀಖು ತಿಳಿಸುವಿರಾ?” ಎಂದು ಬರೆದರೆ ಉತ್ತರಿಸುವುದೂ ಸುಲಭ, ತಪ್ಪಿಸಿಕೊಳ್ಳುವುದೂ ಕಷ್ಟ. ಎಷ್ಟೋ ಸಲ ಈ ಹಂತದಲ್ಲಿ ಒಂದು ಹಾಳೆ ಹೊರಬಂದು ವರದಿಯೇ ಬಿದ್ದುಹೋಗುತ್ತದೆ. ತಿಂಗಳುಗಳ ಶ್ರಮ ಹೋಯಿತೆಂದು ಬೇಸರವಾಗುತ್ತದೆ, ಆದರೆ ಬೀಳಬೇಕಾದದ್ದು ಅಚ್ಚಾಗುವ ಮೊದಲೇ ಬಿತ್ತಲ್ಲ.

ಬಂದ ಉತ್ತರವನ್ನು ಕೊನೆಯ ಪ್ಯಾರಾಕ್ಕೆ ತಳ್ಳದೆ, ಆಯಾ ಆರೋಪದ ಪಕ್ಕದಲ್ಲಿಯೇ ಕೊಡಿ. ಉತ್ತರ ಬಾರದಿದ್ದರೆ “ಸಂಪರ್ಕಕ್ಕೆ ಸಿಗಲಿಲ್ಲ” ಎಂಬ ಸವಕಲು ಮಾತನ್ನು ಬಿಟ್ಟು, ಯಾವ ದಿನ ಯಾವ ಬಗೆಯಲ್ಲಿ ಎಷ್ಟು ಸಲ ಕೇಳಲಾಯಿತು ಎಂದು ಬರೆಯಿರಿ. ಮೀಟಿಂಗಿಗೆ ಕರೆದು, ಊರ ಹಿರಿಯರನ್ನು ಕೂರಿಸಿ, “ನಮ್ಮವರ ಮಾನ ನಾವೇ ಕಳೆಯುವುದಾ?” ಎಂದು ಕೇಳುವವರು ಇದ್ದೇ ಇರುತ್ತಾರೆ. ಹೋಗಿ, ಕಾಫಿ ಕುಡಿಯಿರಿ, ವಿನಯದಿಂದ ಅದೇ ಪ್ರಶ್ನೆಪತ್ರವನ್ನು ಇನ್ನೊಮ್ಮೆ ಕೊಟ್ಟು ಬನ್ನಿ. ಒಂದೇ ಎಚ್ಚರಿಕೆ: ಜಾಹೀರಾತು ವಿಭಾಗದವರು ನಿಮ್ಮ ಜೊತೆ ಬರಬಾರದು.

ಬರೆದಾದ ಮೇಲೆ ಪ್ರತಿಯೊಂದು ವಾಕ್ಯದ ಪಕ್ಕದ ಅಂಚಿನಲ್ಲಿ ಅದರ ಆಧಾರವಾದ ದಾಖಲೆಯ ಪುಟಸಂಖ್ಯೆ ಬರೆಯಿರಿ. ಅಂಚು ಖಾಲಿ ಉಳಿದ ವಾಕ್ಯವನ್ನು ಹೊಡೆದುಹಾಕಿ. ಮರಾಠಿಯಿಂದ ಬಂದ ಉಲ್ಲೇಖಗಳನ್ನು, ವರದಿ ಓದಿರದ ಇನ್ನೊಬ್ಬರಿಂದ ಮತ್ತೆ ಮರಾಠಿಗೆ ಅನುವಾದಿಸಿ, ಮೂಲದೊಂದಿಗೆ ಹೋಲಿಸಿ. ಆ ದಿನ ನಾನು ಹೀಗೆ ಮಾಡಿದ್ದರೆ ತಕ್ರಾರ್ ಹರಕತ್ ಆಗಿ ಮರಳುತ್ತಿತ್ತು, ತಪ್ಪು ಮೇಜಿನ ಮೇಲೆಯೇ ಸಿಕ್ಕಿಬೀಳುತ್ತಿತ್ತು. ‘ಕೊಳ್ಳೆ’, ‘ಗುಳುಂ’, ‘ಬಯಲು’ ಮುಂತಾದ ಪದಗಳು ಶೀರ್ಷಿಕೆಗೆ ಖಾರ ಕೊಡುತ್ತವೆ, ಮಾನನಷ್ಟದ ಮೊಕದ್ದಮೆಗೆ ಎಣ್ಣೆಯನ್ನೂ ಕೊಡುತ್ತವೆ. ನ್ಯಾಯ ಸಂಹಿತೆಯ 356ನೇ ಕಲಮಿನಂತೆ ಮಾನನಷ್ಟಕ್ಕೆ 2 ವರ್ಷಗಳವರೆಗೆ ಶಿಕ್ಷೆ ಸಾಧ್ಯ, ಮತ್ತು ಅಲ್ಲಿ ಬರೆದದ್ದು ನಿಜವೆಂದರೆ ಮಾತ್ರ ಸಾಲದು, ಸಾರ್ವಜನಿಕ ಹಿತಕ್ಕಾಗಿ ಬರೆದದ್ದೆಂದೂ ತೋರಿಸಬೇಕು. ಸಾರ್ವಜನಿಕ ದಾಖಲೆಗಳನ್ನು ಆಧರಿಸಿ ಬರೆಯುವ ಸ್ವಾತಂತ್ರ್ಯವನ್ನು 1994ರ ಆರ್. ರಾಜಗೋಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದೆ. ದೃಢೀಕೃತ ಪ್ರತಿಗಾಗಿ ಇಷ್ಟು ಒತ್ತಿ ಹೇಳಿದ್ದು ಅದಕ್ಕಾಗಿಯೇ.

ಬೆದರಿಕೆ ಬಂದರೆ ಗುಟ್ಟಾಗಿಡಬಾರದು: ಸಂಪಾದಕರಿಗೆ, ಪೊಲೀಸರಿಗೆ, ಇನ್ನಿಬ್ಬರು ಸಹೋದ್ಯೋಗಿಗಳಿಗೆ ಅದೇ ದಿನ ತಿಳಿಸಿ. ಪತ್ರಕರ್ತರ ಮೇಲಿನ ಹಲ್ಲೆಗೆ 3 ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಪ್ರತ್ಯೇಕ ಮಸೂದೆಯನ್ನು ಮಹಾರಾಷ್ಟ್ರ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿತು. ಪುಣೆಯ ಸಮೀಪದ ತಳೇಗಾಂವ್‌ನಲ್ಲಿ ಜಮೀನು ವ್ಯವಹಾರಗಳನ್ನು ಮಾಹಿತಿ ಹಕ್ಕಿನ ಮೂಲಕ ಬಯಲಿಗೆ ತಂದಿದ್ದ ಸತೀಶ್ ಶೆಟ್ಟಿ ಅವರು 2010ರ ಜನವರಿಯಲ್ಲಿ ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಕೊಲೆಯಾದದ್ದನ್ನು ನೆನೆದರೆ, ಕಡತದ ಪ್ರತಿ ಒಬ್ಬರ ಬಳಿ ಮಾತ್ರ ಇರಬಾರದೆಂಬುದು ಹೇಳದೆಯೇ ತಿಳಿಯುತ್ತದೆ.

ವರದಿ ಪ್ರಕಟವಾದ ಮೇಲೆ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಮಾನನಷ್ಟದ ಸಿವಿಲ್ ದಾವೆಗೆ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ಕನಿಷ್ಠ ನಾಲ್ಕು ವರ್ಷ ಎಲ್ಲವೂ ಒಂದೆಡೆ ಇರಲಿ: ಅರ್ಜಿಗಳು, ಸ್ವೀಕೃತಿಗಳು, ಅಂಚೆ ರಸೀತಿಗಳು, ಪ್ರಶ್ನೆಪತ್ರಗಳು, ತಿದ್ದುಪಡಿಯ ಪ್ರತಿ. ಮೂಲಗಳ ಗುರುತಿರುವ ಟಿಪ್ಪಣಿಗಳನ್ನು ಮಾತ್ರ ಈ ಕಟ್ಟಿನಲ್ಲಿ ಇಡಬೇಡಿ. ಮುಂಬಯಿಯ ನಾಲ್ಕು ತಿಂಗಳ ಮಳೆಗೆ ಜೆರಾಕ್ಸಿನ ಶಾಯಿ ಪ್ಲಾಸ್ಟಿಕ್ ಫೋಲ್ಡರಿಗೆ ಅಂಟಿಕೊಂಡು ಬಿಡುತ್ತದೆ, ಕೋರ್ಟ್ ಫೀ ಸ್ಟ್ಯಾಂಪು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕಾಗದದ ಫೈಲು, ಒಳಗೆ ಎರಡು ಬೇವಿನ ಎಲೆ, ಮತ್ತು ಮಳೆಗಾಲಕ್ಕೆ ಮುನ್ನ ಇನ್ನೊಂದು ಸ್ಕ್ಯಾನ್ ಪ್ರತಿ.